ರಕ್ತಸಾಕ್ಷಿಗಳ ಕಥೆಗಳಲ್ಲಿ ಎಷ್ಟು ನಿಜ?

ಆದಿ ಕ್ರೈಸ್ತರ ಬರಹಗಳ ಬಗ್ಗೆ ಎಲ್ಲಿ ಮಾತನಾಡಿದರೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ: ರೋಮನ್ ಚಕ್ರವರ್ತಿಗಳ ಕಾಲದಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟವರ ಕಥೆಗಳು ನಡೆದದ್ದೋ, ಭಕ್ತರು ಕಟ್ಟಿದ್ದೋ? ಕರಾವಳಿಯವರಾದರೆ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಹೆಸರು ಹಿಡಿದೇ ಕೇಳುತ್ತಾರೆ. ಅವರನ್ನು ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟದ್ದು ಹೌದೇ?

ಎಲ್ಲಕ್ಕೂ ಸೇರಿಸಿ ಒಂದೇ ಉತ್ತರ ನನ್ನಲ್ಲಿಲ್ಲ. ಒಂದೊಂದು ಬರಹವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು: ಬರೆದವರು ಯಾರು, ಆ ಸಾವಿಗೆ ಎಷ್ಟು ಹತ್ತಿರದಲ್ಲಿದ್ದು ಬರೆದರು?

ಲಾರೆನ್ಸರದ್ದನ್ನೇ ನೋಡಿ. 258ರಲ್ಲಿ ಚಕ್ರವರ್ತಿ ವಲೇರಿಯನ್ ಬಿಷಪ್, ಪಾದ್ರಿ ಮತ್ತು ಡೀಕನರನ್ನು (ಪಾದ್ರಿಗಿಂತ ಕೆಳಗಿನ ದರ್ಜೆಯ ಸೇವಕರನ್ನು) ಕೂಡಲೇ ಕೊಲ್ಲಬೇಕೆಂದು ಆಜ್ಞೆ ಮಾಡಿದ. ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅದೇ ದಿನಗಳಲ್ಲಿ ಬರೆದ ಪತ್ರದಲ್ಲಿ ಈ ಮಾತಿದೆ. ಪೋಪ್ ಎರಡನೆಯ ಸಿಕ್ಸ್ಟಸ್ ಮತ್ತು ನಾಲ್ವರು ಡೀಕನರು ಆಗಸ್ಟ್ 6ರಂದು ಹತರಾದ ಸುದ್ದಿಯೂ ಇದೆ. ರೋಮಿನ ಡೀಕನ್ ಲಾರೆನ್ಸರ ದಿನ ಆಗಸ್ಟ್ 10, ಸಮಾಧಿ ತಿಬುರ್ತೀನಾ ರಸ್ತೆಯಲ್ಲಿ ಎಂದು 354ರ ರೋಮನ್ ಪಂಚಾಂಗ ದಾಖಲಿಸಿದೆ. ಇಷ್ಟು ಗಟ್ಟಿ. ಜಾಲರಿಯೂ 'ಈ ಮಗ್ಗುಲು ಬೆಂದಿದೆ, ತಿರುಗಿಸಿ' ಎಂಬ ಲಾರೆನ್ಸರ ಮಾತೂ ನಮಗೆ ಸಿಗುವುದು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಮಿಲಾನಿನ ಬಿಷಪ್ ಆಂಬ್ರೋಸರಲ್ಲಿ ಮತ್ತು ಕವಿ ಪ್ರುಡೆಂಟಿಯಸನಲ್ಲಿ. ಕೂಡಲೇ ಕೊಲ್ಲಿ ಎಂಬ ಆಜ್ಞೆಗೂ ನಿಧಾನವಾಗಿ ಬೇಯಿಸುವ ಶಿಕ್ಷೆಗೂ ಹೊಂದಿಕೆಯಾಗುವುದಿಲ್ಲ. ಲಾರೆನ್ಸರು ರಕ್ತಸಾಕ್ಷಿಯಾದರೆಂಬುದರಲ್ಲಿ ನನಗೆ ಸಂಶಯವಿಲ್ಲ, ಜಾಲರಿಯ ಬಗ್ಗೆ ಇದೆ. ಇದನ್ನು ಕೇಳಿ ನೊಂದುಕೊಳ್ಳುವವರಿಗೆ ಒಂದು ಮಾತು: ಇಂಥ ಕಥೆಗಳಲ್ಲಿ ಕಾಳು ಜೊಳ್ಳು ಬೇರ್ಪಡಿಸುವ ಕೆಲಸವನ್ನು ಹದಿನೇಳನೆಯ ಶತಮಾನದಿಂದ ಮಾಡುತ್ತ ಬಂದವರು ಬೊಲ್ಲಾಂಡಿಸ್ಟರೆಂಬ ಜೆಸ್ವಿಟ್ ಪಾದ್ರಿಗಳೇ.

ಇದಕ್ಕೆ ತೀರ ಬೇರೆಯಾದ ಬರಹವೂ ಇದೆ. 180ರ ಜುಲೈ 17ರಂದು ಕಾರ್ಥೇಜಿನಲ್ಲಿ ಸ್ಕಿಲ್ಲಿ ಎಂಬ ಊರಿನ ಕ್ರೈಸ್ತರ ವಿಚಾರಣೆ ನಡೆಯಿತು. ಅದರ ವರದಿ ಒಂದೆರಡು ಪುಟದ್ದು. ಪವಾಡವಿಲ್ಲ, ಹಿಂಸೆಯ ವರ್ಣನೆಯಿಲ್ಲ. ಪೆಟ್ಟಿಗೆಯಲ್ಲಿ ಏನಿದೆ ಎಂದು ಅಧಿಕಾರಿ ಸಾಟರ್ನಿನಸ್ ಕೇಳುತ್ತಾನೆ. ಪುಸ್ತಕಗಳು ಮತ್ತು ನೀತಿವಂತನಾದ ಪೌಲನ ಪತ್ರಗಳು ಎಂದು ಅವರಲ್ಲೊಬ್ಬನಾದ ಸ್ಪೆರಾಟಸ್ ಉತ್ತರಿಸುತ್ತಾನೆ. ಯೋಚಿಸಲು ಮೂವತ್ತು ದಿನ ಕೊಡುತ್ತೇನೆಂದರೆ ಬೇಡವೆನ್ನುತ್ತಾರೆ. ಹನ್ನೆರಡು ಮಂದಿಗೆ ಮರಣದಂಡನೆ.

ನನ್ನನ್ನು ಹಿಡಿದು ನಿಲ್ಲಿಸುವ ಬರಹ ಮಾತ್ರ ಪರ್ಪೆಟುವಾಳದ್ದು. 203ರಲ್ಲಿ, ಅದೇ ಕಾರ್ಥೇಜಿನಲ್ಲಿ, ಸುಮಾರು ಇಪ್ಪತ್ತೆರಡು ವರ್ಷದ, ಒಳ್ಳೆಯ ಮನೆತನದ ಈ ತಾಯಿ ಹಾಲೂಡುವ ಕೂಸಿನೊಂದಿಗೆ ಬಂಧನಕ್ಕೊಳಗಾದಳು. ಸೆರೆಮನೆಯಲ್ಲಿ ಆಕೆಯೇ ಬರೆದಿಟ್ಟ ದಿನಗಳ ವೃತ್ತಾಂತವನ್ನು ನಡುವೆ ಇಟ್ಟು, ಮತ್ತೊಬ್ಬರು ಹಿಂದುಮುಂದಿನದನ್ನು ಸೇರಿಸಿದ್ದಾರೆ. ಅಂಥ ಕತ್ತಲೆಯನ್ನು ತಾನು ಎಂದೂ ಕಂಡಿರಲಿಲ್ಲವೆಂದು ಆಕೆ ಬರೆಯುತ್ತಾಳೆ. ಇಬ್ಬರು ಡೀಕನರು ಕಾವಲುಗಾರರಿಗೆ ಹಣ ಕೊಟ್ಟು ಕೆಲವು ತಾಸು ಗಾಳಿಯಾಡುವ ಕಡೆಗೆ ಬಿಡಿಸುತ್ತಾರೆ. ಹಸಿದು ಸೊರಗಿದ ಮಗುವಿಗೆ ಅಲ್ಲಿ ಹಾಲೂಡುತ್ತಾಳೆ. ಮಗುವನ್ನು ಜೊತೆಗೇ ಇಟ್ಟುಕೊಳ್ಳಲು ಅನುಮತಿ ಸಿಕ್ಕಾಗ ಸೆರೆಮನೆಯೇ ಅರಮನೆಯಾಯಿತು ಎನ್ನುತ್ತಾಳೆ. ವಯಸ್ಸಾದ ಅಪ್ಪ ಮತ್ತೆ ಮತ್ತೆ ಬಂದು ಕಾಲಿಗೆ ಬಿದ್ದು ಹಟ ಬಿಡೆಂದು ಬೇಡಿಕೊಳ್ಳುತ್ತಾನೆ. ಅಧಿಕಾರಿ ಹಿಲರಿಯಾನಸ್ ಆ ಮುದುಕನನ್ನು ಕೋಲಿನಿಂದ ಹೊಡೆಸಿದಾಗ, ಏಟು ತನಗೇ ಬಿದ್ದಂತೆ ನೊಂದೆ ಎಂದು ಬರೆಯುತ್ತಾಳೆ. ಶಿಕ್ಷೆಯಾದ ಮೇಲೆ ಅಪ್ಪ ಮಗುವನ್ನು ಕೊಡುವುದಿಲ್ಲ. ಮಗು ಮತ್ತೆ ಹಾಲು ಕೇಳಲಿಲ್ಲ, ತನ್ನ ಎದೆಯೂ ಬಾಧಿಸಲಿಲ್ಲ, ಅದು ದೇವರ ಕೃಪೆ ಎನ್ನುತ್ತಾಳೆ.

ಇದು ನಿಜವಾಗಿ ಆಕೆಯೇ ಬರೆದದ್ದೇ ಎಂದು ಪ್ರಶ್ನಿಸುವ ವಿದ್ವಾಂಸರಿದ್ದಾರೆ. ನಾನು ಆಕೆಯದೆಂದೇ ನಂಬುತ್ತೇನೆ. ಉಪದೇಶಕ್ಕಾಗಿ ಕಥೆ ಹೆಣೆಯುವವನು ಅಪ್ಪನನ್ನು ಖಳನನ್ನಾಗಿ ಮಾಡುತ್ತಾನೆ. ಇಲ್ಲಿ ಅಪ್ಪನ ಪ್ರೀತಿ ಓದುಗನ ಕರುಳನ್ನು ಹಿಂಡುತ್ತದೆ. ಎದೆಹಾಲಿನ ಬಾಧೆಯ ನೆನಪಾದರೂ ಅಂಥವನಿಗೆ ಏಕೆ ಬರಬೇಕು?

ಮಾರ್ಚ್ 7ರಂದು ಚಕ್ರವರ್ತಿಯ ಮಗ ಗೇಟಾನ ಹುಟ್ಟುಹಬ್ಬದ ಆಟಗಳಲ್ಲಿ ಪರ್ಪೆಟುವಾ, ಸೆರೆಯಲ್ಲೇ ಹೆರಿಗೆಯಾದ ದಾಸಿ ಫೆಲಿಸಿಟಾಸ್ ಮತ್ತು ಜೊತೆಯವರು ಹತರಾದರು. ಮುಂದೆ ಈ ಘಟನೆಯ ಮತ್ತೊಂದು, ಚಿಕ್ಕ ರೂಪ ಹುಟ್ಟಿತು. ಅದರಲ್ಲಿ ಮೂಲದಲ್ಲಿಲ್ಲದ ಗಂಡ ಬರುತ್ತಾನೆ, ಕಾಲ ವಲೇರಿಯನ್ನನ ಆಳ್ವಿಕೆಗೆ ಜಾರುತ್ತದೆ, ಪರ್ಪೆಟುವಾ ಮಗುವನ್ನೂ ಹೆತ್ತವರನ್ನೂ ತಳ್ಳಿಬಿಡುತ್ತಾಳೆ. ಭಕ್ತಿ ಹೆಚ್ಚಿಸಲು ಹೊರಟವರು ಆಕೆಯ ಸಂಕಟವನ್ನೇ ಅಳಿಸಿಬಿಟ್ಟರು. ಎಷ್ಟು ನಿಜ ಎಂದು ಕೇಳುವವರು ಈ ಎರಡನ್ನೂ ಒಂದೇ ದಿನ ಅಕ್ಕಪಕ್ಕ ಇಟ್ಟುಕೊಂಡು ಓದಲಿ. ಎರಡೂ ಸೇರಿ ಒಂದು ಸಂಜೆಯ ಓದು, ಅಷ್ಟೇ.