ಎಂತ ತಿಂದಿದ್ದೆ ನೀನು?

ಮೊನ್ನೆ ಶಿರಸಿಯ ಲ್ಯಾಬ್ ಒಂದರಲ್ಲಿ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ನನಗೀಗ ಆರು ತಿಂಗಳು. 24ರಿಂದ 28 ವಾರದೊಳಗೆ ಮಾಡಿಸುವ ಶುಗರ್ ಟೆಸ್ಟ್‌ಗೆ ಹೋಗಿದ್ದೆ. 75 ಗ್ರಾಂ ಗ್ಲುಕೋಸನ್ನು 300 ಎಂಎಲ್ ನೀರಿಗೆ ಕಲಸಿ ಕೈಗೆ ಕೊಡುತ್ತಾರೆ. ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. ಈ ಟೆಸ್ಟ್‌ಗೆ ಖಾಲಿ ಹೊಟ್ಟೆಯೇ ಬೇಕೆಂದಿಲ್ಲ, ದೋಸೆ ತಿಂದೇ ಹೋಗಿದ್ದೆ. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ನಾಳೆ ಮತ್ತೆ ಬರಬೇಕು ಅಂದರು. ಆ ಮಾತು ಕೇಳಿಯೇ ಹೊಟ್ಟೆ ತೊಳೆಸಿತು.

ಬೆಂಚಿನಲ್ಲಿ ಪಕ್ಕಕ್ಕೆ ಒಬ್ಬ ಹುಡುಗಿ, ಜೊತೆಗೆ ಅವಳ ಅತ್ತೆ. ಅತ್ತೆ ಭಾರೀ ಮಾತುಗಾರ್ತಿ. "ಸಕ್ಕರೆ ಕುಡಿಸಿ ಸಕ್ಕರೆ ಇದ್ಯಾ ನೋಡ್ತಾರಂತೆ, ಇದೆಂತ ಚಂದ!" ಅಂದಾಗ ನಾನೂ ನಕ್ಕೆ. ಹೊತ್ತು ಹೋಗಲು ಒಳ್ಳೆಯ ಜನವೇ.

ರಿಪೋರ್ಟ್ ಬಂತು. ಹುಡುಗಿಗೆ 151. 140 ಮುಟ್ಟಿದರೇ ಗರ್ಭಿಣಿ ಶುಗರ್ ಅಂತ ಲೆಕ್ಕ.

"ಎಂತ ತಿಂದಿದ್ದೆ ನೀನು?"

ಹುಡುಗಿ ತಾಯಿ ಕಾರ್ಡಿನ ಮೂಲೆ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಅತ್ತೆ ಬಿಡಲಿಲ್ಲ. "ಹೇಳು, ಎಂತ ತಿಂದಿದ್ದೆ?"

"ನೀವು ಬಡಿಸಿದ್ದೇ ಅತ್ತೆ."

ಎಷ್ಟು ಮೆಲ್ಲಗೆ ಅಂದಳೆಂದರೆ ಅದು ಉತ್ತರವೋ ಏಟೋ ಗೊತ್ತಾಗಲಿಲ್ಲ. ಅತ್ತೆ ಕೌಂಟರಿನವಳ ಕಡೆ ತಿರುಗಿ, "ಮಗುವಿಗೆ ಎಂತೂ ಆಗುದಿಲ್ಲ ಅಲ್ವಾ?" ಅಂದರು. ಸೊಸೆಗೆ ಏನಾಗುತ್ತದೆ ಅಂತ ಕೇಳಲೇ ಇಲ್ಲ.

ನನಗೆ ಬಂದದ್ದು 118. ನನ್ನ ಕಡೆ ನೋಡಿ ಅವರೇ ಶಹಬ್ಬಾಸ್‌ಗಿರಿ ಕೊಟ್ಟರು. "ನೋಡು, ಬಾಯಿ ಕಟ್ಟಿದ್ರೆ ಹೀಗೆ."

ಯಾರು ಬಾಯಿ ಕಟ್ಟಿದ್ದು? ಹಿಂದಿನ ಸಂಜೆಯಷ್ಟೇ ಆಲೆಮನೆಗೆ ಹೋಗಿ ಕಬ್ಬಿನ ಹಾಲು ಕುಡಿದು, ಬಿಸಿ ಜೋನಿ ಬೆಲ್ಲ ನೆಕ್ಕಿ, ಮನೆಗೆ ಬಂದು ತೊಡದೇವನ್ನೂ ಮುರಿದವಳು ನಾನು. ಹೊಟ್ಟೆಯೊಳಗೆ ಮಗುವಿಗೆ ಆಹಾರ ಮುಟ್ಟಿಸುವ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ನಮ್ಮೆಲ್ಲರಿಗೂ ಹೀಗೇ. ಕೆಲವರ ಮೈ ಜಾಸ್ತಿ ಇನ್ಸುಲಿನ್ ಮಾಡಿ ಸರಿದೂಗಿಸುತ್ತದೆ, ಕೆಲವರದು ಮಾಡುವುದಿಲ್ಲ. ಮನೆತನದಲ್ಲಿ ಶುಗರ್ ಇದೆಯಾ, ವಯಸ್ಸೆಷ್ಟು, ತೂಕವೆಷ್ಟು ಅನ್ನುವುದೂ ಇದರಲ್ಲಿ ಸೇರಿದೆ. ಇನ್ನು ಮುಂದೆ ಅವಳು ಊಟ ನೋಡಿ ಮಾಡಬೇಕು, ನಡೆಯಬೇಕು, ಎರಡು ವಾರದಲ್ಲಿ ಹಿಡಿತಕ್ಕೆ ಬರದಿದ್ದರೆ ಔಷಧಿ ಇಲ್ಲವೇ ಇನ್ಸುಲಿನ್. ಅದೆಲ್ಲ ಸರಿ. ಆದರೆ ಆ 151 ಅವಳ ನಡತೆಗೆ ಬಿದ್ದ ಮಾರ್ಕ್ ಅಲ್ಲ. ನನ್ನ 118 ಕೂಡ ಅಲ್ಲ.

ಬಸುರಿಯ ವಿಷಯದಲ್ಲಿ ನಮ್ಮಲ್ಲಿ ಎಲ್ಲವೂ ಹೀಗೇ ಅಲ್ವಾ? ಮಗು ಸಣ್ಣದಿದ್ದರೆ ಅವಳು ಉಣ್ಣಲಿಲ್ಲ, ದೊಡ್ಡದಿದ್ದರೆ ಉಂಡದ್ದು ಜಾಸ್ತಿ. ಬಯಕೆ ಅಂತ ಬಡಿಸುವವರೂ ಅವರೇ, ಲೆಕ್ಕ ಕೇಳುವವರೂ ಅವರೇ. ಆ ಹುಡುಗಿಯ ಗಂಡ ಹೊರಗೆ ಬೈಕ್ ಹತ್ತಿರ ಮೊಬೈಲ್ ನೋಡುತ್ತಾ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಶುಗರ್ ಇಳಿಯುತ್ತದೆ. ಆದರೂ ಆರು ವಾರಕ್ಕೆ ಮತ್ತೊಮ್ಮೆ ನೋಡಬೇಕು, ಮುಂದೆ ಕಾಯಂ ಆಗಿ ಬರುವ ಸಾಧ್ಯತೆ ಇಂಥವರಿಗೆ ಜಾಸ್ತಿ. ಅಷ್ಟು ಹೊತ್ತಿಗೆ ಮನೆ ತುಂಬ ತೊಟ್ಟಿಲ ಸಡಗರ ಇರುತ್ತದೆ. ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಲು ಆಗ ಯಾರಿಗೆ ಪುರುಸೊತ್ತು?