ನೆಮ್ರೂತ್ ಬೆಟ್ಟಕ್ಕೆ ಬೆಳಿಗ್ಗೆ ಬೇಡ, ಸಂಜೆ ಹೋಗಿ

ಟರ್ಕಿಯ ನೆಮ್ರೂತ್ ಬೆಟ್ಟ ಅಂದರೆ ಎಲ್ಲರೂ ಸೂರ್ಯೋದಯ ನೋಡಿ ಅಂತಾರೆ. ನಾವೂ ರಾತ್ರಿ ಎರಡೂವರೆಗೆ ಎದ್ದು ಹತ್ತಿರದ ಕಾಹ್ತಾ ಪಟ್ಟಣದಿಂದ ಹೊರಟೆವು. ಜೂನ್ ತಿಂಗಳಲ್ಲಿ ಎಂಥ ಚಳಿ ಅಂತ ತೆಳ್ಳನೆ ಸ್ವೆಟರ್ ಹಾಕಿದ್ದೆ. 2,100 ಮೀಟರ್ ಎತ್ತರದ ಗಾಳಿಗೆ ಹಲ್ಲು ಕಟಕಟ ಅಂದವು. ದಪ್ಪ ಜಾಕೆಟ್, ಟಾರ್ಚ್ ಇಲ್ಲದೆ ಹೋಗಲೇಬೇಡಿ. ಕೊನೆಗೆ ಮೆಟ್ಟಿಲು ಹತ್ತಬೇಕು, ಮಂಡಿ ನೋವಿದ್ದವರು ಬೇಗ ಹೊರಡಿ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ.

ಮೇಲೆ ಜಲ್ಲಿಕಲ್ಲಿನ ದೊಡ್ಡ ಗುಡ್ಡೆ, ಸುಮಾರು 50 ಮೀಟರ್. ಕೊಮ್ಮಜೀನ್ ಎಂಬ ಪುಟ್ಟ ರಾಜ್ಯದ ದೊರೆ ಒಂದನೇ ಆಂಟಿಯೋಕಸ್ ತನಗಾಗಿ ಕಟ್ಟಿಸಿಕೊಂಡ ಸಮಾಧಿ. ಕ್ರಿ.ಪೂ. 70ರ ಆಸುಪಾಸಿನಿಂದ 36ರ ಆಸುಪಾಸಿನವರೆಗೆ ಆಳಿದವನು. ಅಪ್ಪನ ಕಡೆ ಪರ್ಷಿಯಾ, ಅಮ್ಮನ ಕಡೆ ಗ್ರೀಕ್. ಅದಕ್ಕೇ ಗ್ರೀಕರ ದೇವರು ಜ್ಯೂಸ್ ಮತ್ತು ಪರ್ಷಿಯನ್ನರ ದೇವರು ಒರೊಮಾಸ್ದೆಸ್ ಇಬ್ಬರನ್ನೂ ಸೇರಿಸಿ ಒಂದೇ ಮೂರ್ತಿ ಮಾಡಿಸಿದ. ದೇವರ ಸಾಲಿನಲ್ಲಿ ತಾನೂ ಕೂತ! ಗೋರಿ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಮೂರ್ತಿಗಳ ಬೆನ್ನ ಹಿಂದೆ ಹೋಗುವುದನ್ನು ಮರೆಯಬೇಡಿ. ಅಲ್ಲಿ ಉದ್ದದ ಗ್ರೀಕ್ ಶಾಸನವಿದೆ. ಪ್ರತಿ ತಿಂಗಳ 16ಕ್ಕೆ ನನ್ನ ಹುಟ್ಟಿದ ದಿನ, 10ಕ್ಕೆ ಪಟ್ಟಕ್ಕೇರಿದ ದಿನ ಆಚರಿಸಿ, ಬಂದ ಜನಕ್ಕೆ ಊಟ, ಮದ್ಯ ಕೊಡಿ ಅಂತ ಕಟ್ಟಪ್ಪಣೆ. ತಪ್ಪಿದವರಿಗೆ ಶಾಪ. ನಮ್ಮ ದಾನಶಾಸನಗಳ ಕೊನೆಯ ಸಾಲು ನೆನಪಾಗುತ್ತದೆ, ಅಲ್ವಾ?

ಗುಡ್ಡೆಯ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಜಗಲಿ, ಎರಡರಲ್ಲೂ ತಲೆ ಕಳಚಿ ಬಿದ್ದ ಮೂರ್ತಿಗಳು. ಸೂರ್ಯ ಹುಟ್ಟಿದಾಗ ಬೆಳಕು ಬೀಳುವುದು ಪೂರ್ವದ ಜಗಲಿಗೆ. ಅಲ್ಲಿ ಮುಂಡಗಳು ಚೆನ್ನಾಗಿ ಉಳಿದಿವೆ. ತಲೆಗಳ ಚೆಲುವು ನೋಡಬೇಕೆಂದರೆ ಪಶ್ಚಿಮಕ್ಕೇ ಹೋಗಬೇಕು, ಬೆಳಿಗ್ಗೆ ಅದೆಲ್ಲ ನೆರಳು. ಮರುದಿನ ಸಂಜೆ ಮತ್ತೆ ದುಡ್ಡು ಕೊಟ್ಟು ಹತ್ತಿದೆವು. ರಾಜನ ಕಲ್ಲುಮುಖ ಬೆಲ್ಲದ ಬಣ್ಣಕ್ಕೆ ತಿರುಗಿದಾಗ ಖರ್ಚು ಮರೆತುಹೋಯಿತು.

ಸಸ್ಯಾಹಾರಿಗಳಿಗೆ ಬೇಳೆ ಸೂಪ್ ಸಿಗುತ್ತದೆ. ಮಾಂಸದ ನೀರು ಹಾಕಿದ್ದಾರಾ ಅಂತ ಕೇಳಿಕೊಳ್ಳಿ.

ಬಾಡಿಗೆ ಮಾತಾಡುವಾಗಲೇ ಹತ್ತಿರದ ಆರ್ಸಮೇಯಾ ಎಂಬ ಹಳೆಯ ಕೊಮ್ಮಜೀನ್ ಊರಿನ ಅವಶೇಷವನ್ನೂ ಸೇರಿಸಿ. ನಮ್ಮ ಡ್ರೈವರ್ "ಅಲ್ಲೇನಿದೆ, ಒಂದು ಕಲ್ಲು" ಎಂದು ಮೊದಲ ದಿನ ದಾಟಿಸಿಬಿಟ್ಟಿದ್ದ. ಆ ಕಲ್ಲಿನಲ್ಲಿ ಕೊಮ್ಮಜೀನ್ ರಾಜನೊಬ್ಬ ಗ್ರೀಕರ ದೇವರು ಹೆರಾಕ್ಲಿಸ್‌ನ ಕೈ ಕುಲುಕುತ್ತಾ ನಿಂತಿದ್ದಾನೆ. ರಾಜನಿಗೆ ಮೈತುಂಬಾ ಪರ್ಷಿಯನ್ ಉಡುಪು, ದೇವರು ಬರೀ ಮೈಯಲ್ಲಿ, ಕೈಯಲ್ಲಿ ಗದೆ. ರೋಮ್ ಮತ್ತು ಪರ್ಷಿಯಾ ಕಡೆಯ ಪಾರ್ಥಿಯಾ ಎಂಬ ಎರಡು ದೊಡ್ಡ ಸಾಮ್ರಾಜ್ಯಗಳ ನಡುವೆ ಸಿಕ್ಕಿ, ಕ್ರಿ.ಪೂ. 38ರಲ್ಲಿ ಮುತ್ತಿಗೆ ಹಾಕಿದ ರೋಮನ್ ಸೇನಾಪತಿ ಆಂಟನಿಗೆ 300 ಟ್ಯಾಲೆಂಟ್ (ಆಗಿನ ಹಣದ ಅಳತೆ) ಕೊಟ್ಟು ರಾಜಿಯಾದ ಆಂಟಿಯೋಕಸ್‌ನ ಮನೆತನಕ್ಕೆ ಕೈ ಕುಲುಕುವುದು ಚೆನ್ನಾಗಿ ಗೊತ್ತಿತ್ತು.