ಅಮಲ್ದಾರರ ಟೀ ಸೆಟ್ಟು

ನಾಗಂದಿಗೆಯಿಂದ ಆ ಮರದ ಪೆಟ್ಟಿಗೆ ಇಳಿಸ್ತಾ ಇದ್ದೆ. ಅಜ್ಜಿ ಜಗಲಿಯಿಂದಲೇ ಕೂಗಿದಳು, "ಅಮಲ್ದಾರರ ಸೆಟ್ಟು ಅದು, ಜೋಪಾನ ಮಾರಾಯ್ತಿ!" ಅಮಲ್ದಾರ ಅನ್ನೋ ಹುದ್ದೆಯ ಹೆಸರು ತಹಶೀಲ್ದಾರ ಅಂತಾಗಿ ಎಷ್ಟು ಕಾಲ ಆಯ್ತೋ. ಸೆಟ್ಟು ಮಾತ್ರ ಇನ್ನೂ ಅವರದ್ದೇ.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಬಂದವರಿಗೆ ಮೊದಲು ನೀರು ಬೆಲ್ಲ, ಆಮೇಲೆ "ಆಸರಿಗೆ ಏನು ಬೇಕು?" ಅನ್ನೋ ಪ್ರಶ್ನೆ. ಆಸರಿಗೆ ಅಂದರೆ ಮಜ್ಜಿಗೆ, ಕಷಾಯ, ಇಲ್ಲಾ ಕಾಫಿ. ಎಲ್ಲಾ ಹಿತ್ತಾಳೆ ಲೋಟದಲ್ಲೇ. ಪಿಂಗಾಣಿ ಅಡುಗೆ ಮನೆ ಹೊಸಿಲು ದಾಟುವ ಹಾಗೇ ಇರಲಿಲ್ಲ, ಮಡಿಗೆ ಆಗಲ್ಲ. ಆದರೆ ಜಮಾಬಂದಿಗೆ, ಅಂದರೆ ಕಂದಾಯದ ಲೆಕ್ಕ ನೋಡೋಕೆ, ಅಂತ ಅಮಲ್ದಾರರು ಬಂದರೆ? ಅವರು ಟೀ ಕುಡಿಯುವವರು, ಲೋಟ ಕೈಗೆ ಕೊಟ್ಟರೆ ಮರ್ಯಾದೆ ಇರಲ್ಲ ಅಂತ ಮುತ್ತಜ್ಜ ಈ ಸೆಟ್ಟು ತರಿಸಿದರಂತೆ. ಜಗಲಿಯ ಬೀರುವಿನಲ್ಲಿ ಇಟ್ಟು, ಜಗಲಿಯಲ್ಲೇ ಕೊಟ್ಟು, ಅಲ್ಲೇ ತೊಳೆದು ಮತ್ತೆ ಬೀರುವಿಗೆ. ಮನೆಯವರು ಯಾರೂ ಒಂದು ದಿನಕ್ಕೂ ಅದರಲ್ಲಿ ಕುಡಿದಿಲ್ಲ.

ಪೆಟ್ಟಿಗೆ ತುಂಬಾ ಭತ್ತದ ಹೊಟ್ಟು. ಅದರೊಳಗೆ ಒಂದು ಟೀ ಪಾಟ್, ಪುಟಾಣಿ ಹಾಲಿನ ಜಗ್ಗು, ಐದು ಕಪ್ಪು, ಆರು ಬಸಿ, ಒಂದು ಅಗಲ ಬಾಯಿಯ ಬಟ್ಟಲು. ಅಂಚಿಗೆ ಚಿನ್ನದ ಗೆರೆ, ತುಟಿ ತಾಗುವ ಕಡೆ ಮಾತ್ರ ಅಳಿಸಿ ಹೋಗಿದೆ. ಎಷ್ಟು ಅಮಲ್ದಾರರ ತುಟಿಯೋ.

ಫೋಟೋ ಕಳಿಸಿದ್ದಕ್ಕೆ ಬೆಂಗಳೂರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು "ವಿಕ್ಟೋರಿಯಾ ರಾಣಿ ಕಾಲದ್ದು ಮೇಡಂ" ಅಂದುಬಿಟ್ಟರು. ನಾನು ಬಸಿ ಮಗುಚಿ ನೋಡಿದೆ. "ಬೋನ್ ಚೈನಾ, ಮೇಡ್ ಇನ್ ಇಂಗ್ಲೆಂಡ್" ಅಂತಿದೆ. 1890ರಲ್ಲಿ ಅಮೆರಿಕ ಒಂದು ಸುಂಕದ ಕಾನೂನು ತಂತು. ಹೊರಗಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ. ಆಮೇಲೇ ಇಂಗ್ಲಿಷ್ ಪಿಂಗಾಣಿಯ ತಳದಲ್ಲಿ "ಇಂಗ್ಲೆಂಡ್" ಅನ್ನೋದು ರೂಢಿಯಾಯ್ತು. "ಮೇಡ್ ಇನ್" ಸೇರಿದ್ದು ಸಾಮಾನ್ಯವಾಗಿ ಇಪ್ಪತ್ತನೇ ಶತಮಾನದಲ್ಲಿ. ರಾಣಿ ತೀರಿಕೊಂಡಿದ್ದು 1901ರಲ್ಲಿ. ಹಾಗಾಗಿ ಹಳೇ ಕಪ್ಪು ಕೊಳ್ಳುವವರು ಹೂವಿನ ಚಿತ್ರಕ್ಕೆ ಮರುಳಾಗಬೇಡಿ, ಮೊದಲು ತಳ ನೋಡಿ.

ಆರನೇ ಬಸಿಯ ತಳದಲ್ಲಿ "ಜಪಾನ್" ಅಂತಿತ್ತು. ಹೂವೂ ಸ್ವಲ್ಪ ಬೇರೆ. ಯಾಕೆ ಅಂತ ಅಜ್ಜಿಯನ್ನ ಕೇಳಿದೆ. ಎಳ್ಳಮಾವಾಸ್ಯೆ ಜಾತ್ರೇಲಿ ತಂದಿದ್ದು ಅಂದಳು. ಮೊದಲಿನದು ಏನಾಯ್ತು ಅಂದಿದ್ದಕ್ಕೆ ಅಡಿಕೆ ಹೋಳು ಬಾಯಿಗೆ ಹಾಕ್ಕೊಂಡು ತೋಟದ ಕಡೆ ನೋಡಿದಳು.

ಸರಿ, ಇಷ್ಟು ವರ್ಷ ಆದಮೇಲೆ ನಾವೂ ಒಮ್ಮೆ ಕುಡಿಯೋಣ ಅಂತ ಶುಂಠಿ ಜಜ್ಜಿ, ಹಾಲು ಹಾಕಿ, ಮನೇಲಿದ್ದ ಟೀ ಪುಡಿ ಹಾಕಿ ಚೆನ್ನಾಗಿ ಕುದಿಸಿ, ಸೋಸದೆ ಹಾಗೇ ಪಾಟಿಗೆ ಸುರಿದೆ. ಪಾಟಿನ ಒಳಗೆ, ಮೂತಿ ಶುರುವಾಗುವ ಜಾಗದಲ್ಲಿ ಸಣ್ಣ ಸಣ್ಣ ತೂತುಗಳಿವೆ, ಸೊಪ್ಪು ಆಚೆ ಬರದೇ ಇರಲಿ ಅಂತ. ಅದು ದೊಡ್ಡ ಎಲೆಯ ಟೀಗೆ ಮಾಡಿದ್ದು. ನಮ್ಮದು ಎಲೆಯನ್ನ ಮೆಷಿನ್ನಿನಲ್ಲಿ ಕಾಳು ಕಾಳು ಮಾಡಿದ ಸಿಟಿಸಿ ಪುಡಿ, ಆ ಮೆಷಿನ್ ಬಂದಿದ್ದೇ 1930ರ ದಶಕದಲ್ಲಿ. ಪುಡಿ, ಶುಂಠಿ ನಾರು, ಹಾಲಿನ ಕೆನೆ ಮೂರೂ ಸೇರಿ ತೂತು ಕಟ್ಟಿಕೊಂಡವು. ಬಗ್ಗಿಸಿದರೆ ಮೂತಿಯಿಂದ ಹನಿ ಹನಿ, ಮುಚ್ಚಳದ ಸಂದಿಯಿಂದ ಧಾರೆ. ಹೇಗೋ ಒಂದು ಕಪ್ಪಿಗೆ ಬಿಸಿ ಬಿಸಿ ಬಿತ್ತು, "ಟಿಕ್" ಅಂತು. ಕೂದಲೆಳೆಯಂಥ ಬಿರುಕು. ಈಗ ಕೆಲಸಕ್ಕೆ ಬರೋದು ನಾಲ್ಕೇ ಕಪ್ಪು. ಇಂಗ್ಲೆಂಡಿನವರು ಮೊದಲು ಬಿಸಿನೀರು ಹಾಕಿ ಪಾಟನ್ನ ಬೆಚ್ಚಗೆ ಮಾಡ್ಕೊಳ್ತಾರೆ. ಅದು ಬರೀ ಶೋಕಿ ಅಂದ್ಕೊಂಡಿದ್ದೆ.

ಆಮೇಲೆ ರಾತ್ರಿಯೆಲ್ಲಾ ಇದನ್ನೇ ಓದ್ತಾ ಕೂತೆ. ಟೀ ಯೂರೋಪಿಗೆ ಬಂದಾಗ ಜೊತೆಗೇ ಚೀನಾದ ಬಟ್ಟಲುಗಳೂ ಬಂದವು. ಅವಕ್ಕೆ ಹಿಡಿಕೆ ಇರಲಿಲ್ಲ, ಅದು ಅಂಟಿಕೊಂಡಿದ್ದು ಯೂರೋಪಿನಲ್ಲಿ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ 1662ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸನನ್ನ ಮದುವೆಯಾಗಿ ಬಂದ ಮೇಲೆ ಅಲ್ಲಿನ ಅರಮನೆಯಲ್ಲಿ ಟೀ ಫ್ಯಾಷನ್ ಆಯ್ತು. ವಿಪರೀತ ದುಬಾರಿ. ಸೊಪ್ಪನ್ನ ಬೀಗ ಹಾಕಿದ ಡಬ್ಬಿಯಲ್ಲಿ ಇಡ್ತಿದ್ದರು, ನಮ್ಮ ಕಡೆ ಏಲಕ್ಕಿ, ಕೇಸರಿ ಇಡುವ ಹಾಗೆ. 1784ರಲ್ಲಿ ಟೀ ಮೇಲಿನ ತೆರಿಗೆಯನ್ನ ಶೇಕಡಾ 119ರಿಂದ 12.5ಕ್ಕೆ ಇಳಿಸಿದರು. ಆಮೇಲೇ ಅದು ಜನರ ಕೈಗೆಟುಕಿದ್ದು.

ಇನ್ನು ಸಂಜೆ ಟೀ. ಅದನ್ನ 1840ರ ಸುಮಾರಿಗೆ ಬೆಡ್‌ಫೋರ್ಡಿನ ಡಚೆಸ್ ಆನಾ ಶುರು ಮಾಡಿದಳು ಅಂತಾರೆ. ಮಧ್ಯಾಹ್ನ ಲಘು ಊಟ, ರಾತ್ರಿ ಊಟ ಎಂಟಕ್ಕೆ, ನಡುವೆ ಹಸಿವು. ಇದಕ್ಕೆ ಡಚೆಸ್ಸೇ ಬೇಕಿತ್ತಾ? ನಾಲ್ಕು ಗಂಟೆಗೆ ಕಾಫಿ ಜೊತೆ ಹಲಸಿನ ಹಪ್ಪಳ ಕರಿಯೋಕೆ ನಮ್ಮ ಮನೇಲಿ ಯಾರೂ ಡಚೆಸ್ ಆಗಬೇಕಾಗಿಲ್ಲ. ಅಂದಹಾಗೆ, ದೊಡ್ಡ ಹೋಟೆಲಿನವರು ಭಾರೀ ಗತ್ತಿನಿಂದ ಹೇಳೋ "ಹೈ ಟೀ" ಇದೆಯಲ್ಲ, ಅದು ಮೂಲದಲ್ಲಿ ಕೂಲಿ ಕೆಲಸದವರು ಸಂಜೆ ಮನೆಗೆ ಬಂದು ಮಾಡುತ್ತಿದ್ದ ಊಟ.

ಆ ಅಗಲ ಬಾಯಿಯ ಬಟ್ಟಲು ಏನಕ್ಕೆ ಅಂತಲೂ ಆಗಲೇ ಗೊತ್ತಾಗಿದ್ದು. ಕಪ್ಪಿನ ತಳದಲ್ಲಿ ಉಳಿದ ಗಷ್ಟು, ತಣ್ಣಗಾದ ಟೀ ಚೆಲ್ಲೋಕೆ ಇಡುವ ಸ್ಲಾಪ್ ಬೌಲ್ ಅದು. ಸೀದಾ ಹೇಳಬೇಕು ಅಂದರೆ ಎಂಜಲು ಬಟ್ಟಲು. ನಮ್ಮ ಮನೇಲಿ ಅದರ ತುಂಬಾ ಸಕ್ಕರೆ ಹಾಕಿ, ಚಮಚ ಇಟ್ಟು ಅಮಲ್ದಾರರ ಮುಂದೆ ಹಿಡೀತಿದ್ದರಂತೆ!

ಅದಕ್ಕಿಂತ ದೊಡ್ಡದು ಆ ಬೋನ್ ಚೈನಾ ಅನ್ನೋ ಮಾತು. ಅದು ಬರೀ ಹೆಸರಲ್ಲ. 1790ರ ದಶಕದಲ್ಲಿ ಇಂಗ್ಲೆಂಡಿನ ಸ್ಟೋಕ್ ಊರಿನ ಸ್ಪೋಡ್ ಕಾರ್ಖಾನೆಯಲ್ಲಿ ಹದಕ್ಕೆ ಬಂದ ಪಾಕ ಅದು. ಬಿಳಿ ಜೇಡಿಮಣ್ಣು, ಒಂದು ಜಾತಿಯ ಕಲ್ಲಿನ ಪುಡಿ, ಉಳಿದ ಹತ್ತಿರ ಹತ್ತಿರ ಅರ್ಧ ಪಾಲು ದನದ ಮೂಳೆ ಸುಟ್ಟ ಬೂದಿ. ಕಪ್ಪನ್ನ ಬೆಳಕಿಗೆ ಹಿಡಿದರೆ ಹಿಂದಿರುವ ಬೆರಳಿನ ನೆರಳು ಕಾಣುತ್ತಲ್ಲ, ಆ ಹಾಲು ಕೆನೆಯಂಥ ಬಿಳುಪು ಬಂದಿರೋದೇ ಅದರಿಂದ. ಮಡಿ ಮನೆಯ ಬೀರುವಿನಲ್ಲಿ ತಲೆಮಾರುಗಟ್ಟಲೆ ಮರ್ಯಾದೆಯಿಂದ ಕೂತಿದ್ದ ವಸ್ತು!

ಹೇಳೋದಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿ ಕೊನೆಗೆ ಅಜ್ಜಿಗೆ ಹೇಳಿಯೇಬಿಟ್ಟೆ. ಬೊಬ್ಬೆ ಹಾಕ್ತಾಳೆ ಅಂದ್ಕೊಂಡಿದ್ದೆ. ಅವಳು ಅಡಿಕೆ ಕತ್ತರಿಸೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಳು.

"ಸಕ್ಕರೆ ಬಿಳಿ ಮಾಡೋಕೂ ಮೂಳೆ ಹಾಕ್ತಾರೆ ಅಂತ ನಮ್ಮತ್ತೆ ಕೊನೇ ತನಕ ಬೆಲ್ಲದ ಕಾಫಿನೇ ಕುಡಿದ್ರು. ಸಕ್ಕರೆ ತರೋದೇ ಅಮಲ್ದಾರರಿಗೆ ಅಂತ." (ಅದು ಸುಳ್ಳೂ ಅಲ್ಲ, ಸಕ್ಕರೆ ಬೆಳ್ಳಗಾಗೋಕೆ ಮೂಳೆ ಇದ್ದಿಲಲ್ಲಿ ಸೋಸುವ ಕಾರ್ಖಾನೆಗಳಿದ್ದವು.) ಆಮೇಲೆ ನಗು ತಡೆಯೋಕಾಗದೆ, "ಮೂಳೆ ಬಟ್ಟಲಲ್ಲಿ ಮೂಳೆ ಸಕ್ಕರೆ. ಅದೂ ಎಂಜಲು ಬಟ್ಟಲು! ಪಾಪ, ಕಂದಾಯ ಜಾಸ್ತಿ ಮಾಡದೆ ಹೋದ್ರಲ್ಲ ಪುಣ್ಯಾತ್ಮರು" ಅಂದಳು.

ನಾನು ಸೆಟ್ಟು ತೊಳೆಯೋಕೆ ಎತ್ತಿಕೊಂಡು ಎದ್ದೆ. ಹಿಂದಿನಿಂದ ಅಜ್ಜಿಯ ಧ್ವನಿ, "ಅಂಗಳದ ನಲ್ಲೀಲೇ ತೊಳಿ. ಒಳಗೆ ತರಬೇಡ."